ಬೇಗ ಬಂದವರಿಗೆ ಗೈರುಹಾಜರಿ: ಸಾಫ್ಟ್‌ವೇರ್ ಟೆಸ್ಟಿಂಗ್ ಕಲಿಯುವವರಿಗೆ ಹೆಜ್ಜೆ ಹೆಜ್ಜೆಯ ಮಾರ್ಗದರ್ಶಿ

ನನ್ನ ಮೊದಲ ಕೆಲಸ ಜಯನಗರದಲ್ಲಿ, ಒಂದು ದರ್ಶಿನಿಯ ಮೇಲಿನ ಮಹಡಿಯಲ್ಲಿದ್ದ ಪುಟ್ಟ ಆಫೀಸಿನಲ್ಲಿ. ಪೀಣ್ಯದ ಒಂದು ಕಾರ್ಖಾನೆಗೆ ಹಾಜರಾತಿ ಸಾಫ್ಟ್‌ವೇರ್ ಮಾಡುತ್ತಿದ್ದೆವು. ಟೆಸ್ಟಿಂಗ್ ನನ್ನ ಪಾಲಿಗೆ ಬಂತು. ಇನ್ನೂರು ಚಿಲ್ಲರೆ ಟೆಸ್ಟ್ ಕೇಸ್ ಬರೆದೆ, ಅಂದರೆ ಇದನ್ನು ಹಾಕಿದರೆ ಇದು ಬರಬೇಕು ಅನ್ನುವ ಪಟ್ಟಿ. ಎಲ್ಲಾ ಪಾಸ್. ಎಕ್ಸೆಲ್ ಶೀಟು ಮೇಲಿಂದ ಕೆಳಗಿನವರೆಗೂ ಹಸಿರು. ಖುಷಿಯಲ್ಲಿ ಕೆಳಗಿಳಿದು ಎರಡು ಕಾಫಿ ಕುಡಿದೆ.

ಸಂಬಳದ ದಿನ ಕಾರ್ಖಾನೆಯಿಂದ ಫೋನ್ ಬಂತು. ಅಲ್ಲಿ ಬೆಳಗಿನ ಶಿಫ್ಟ್ ಆರು ಗಂಟೆಗೆ. ಐದೂ ಮುಕ್ಕಾಲಿಗೆ ಓಡಿಬಂದು ಕಾರ್ಡ್ ಉಜ್ಜಿದವರಿಗೆ ಹಾಜರಿ ಬಿದ್ದಿತ್ತು. ಐದೂ ಕಾಲಿಗೇ ಬಂದು ಗೇಟಿನ ಹತ್ತಿರ ಕೂತವರಿಗೆ ಗೈರುಹಾಜರಿ! ಬೇಗ ಬಂದಿದ್ದಕ್ಕೇ ಸಂಬಳ ಕಟ್.

ಕಾರಣ ಸಣ್ಣದು. ನಮ್ಮ ಸರ್ವರ್ ಸಮಯವನ್ನು ಯುಟಿಸಿಯಲ್ಲಿ, ಅಂದರೆ ಜಾಗತಿಕ ಪ್ರಮಾಣ ಸಮಯದಲ್ಲಿ ಬರೆದುಕೊಳ್ಳುತ್ತಿತ್ತು. ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಬೆಂಗಳೂರಿನಲ್ಲಿ 14ನೇ ತಾರೀಕು ಬೆಳಗ್ಗೆ 5:15 ಆದಾಗ ಸರ್ವರ್‌ನಲ್ಲಿ ಇನ್ನೂ 13ನೇ ತಾರೀಕು ರಾತ್ರಿ 11:45. ಹಾಗಾಗಿ ಐದೂವರೆಗೆ ಮೊದಲು ಬಂದವರ ‘ಒಳಗೆ’ ಪಂಚ್ ಹಿಂದಿನ ದಿನದ ಲೆಕ್ಕಕ್ಕೆ ಹೋಯಿತು. ‘ಹೊರಗೆ’ ಪಂಚ್ ಈ ದಿನದ ಲೆಕ್ಕದಲ್ಲೇ ಉಳಿಯಿತು. ಜೋಡಿ ಕೂಡಲಿಲ್ಲ, ಗೈರುಹಾಜರಿ ಬಿತ್ತು.

ನಾನು ಟೆಸ್ಟ್ ಮಾಡಿದ್ದೆಲ್ಲಾ ಬೆಳಗ್ಗೆ ಹತ್ತರಿಂದ ಸಂಜೆ ಏಳರೊಳಗೆ. ಇನ್ನೂರಲ್ಲ, ಎರಡು ಸಾವಿರ ಕೇಸ್ ಬರೆದಿದ್ದರೂ ಇದು ಸಿಗುತ್ತಿರಲಿಲ್ಲ. ನಾನು ಎಷ್ಟು ನೋಡಿದೆ ಅನ್ನೋದು ಮುಖ್ಯವೇ ಆಗಿರಲಿಲ್ಲ. ಯಾವುದನ್ನು ನೋಡೋಕೆ ಆರಿಸಿಕೊಂಡೆ ಅನ್ನೋದೇ ಮುಖ್ಯವಾಗಿತ್ತು. ಈ ಮಾರ್ಗದರ್ಶಿ ಆ ಆಯ್ಕೆಯ ಬಗ್ಗೆ.

ಶುರು ಮಾಡುವ ಮೊದಲು

ನಮ್ಮೂರಿನಲ್ಲಿ ಟೆಸ್ಟಿಂಗ್ ಬಗ್ಗೆ ಒಂದು ತಾತ್ಸಾರ ಇದೆ. ಮದುವೆ ಮನೆಯಲ್ಲಿ ಅತ್ತೆ ಕೇಳುತ್ತಾರೆ: “ಏನಮ್ಮಾ, ಟೆಸ್ಟಿಂಗಾ? ಕೋಡಿಂಗ್ ಸಿಗ್ಲಿಲ್ವಾ?” ಕೋಡ್ ಬರೆಯೋಕೆ ಬರದವರು ಟೆಸ್ಟಿಂಗ್‌ಗೆ ಹೋಗುತ್ತಾರೆ, ಅಲ್ಲಿ ಕೂತು ಸುಮ್ನೆ ಗುಂಡಿ ಒತ್ತುತ್ತಾರೆ ಅನ್ನೋದು ಎಲ್ಲರ ನಂಬಿಕೆ. ಅತ್ತೆಗೆ ಏನು ಹೇಳಿದರೂ ಪ್ರಯೋಜನ ಇಲ್ಲ, ಹೋಳಿಗೆ ಬಡಿಸಿಕೊಂಡು ಮುಂದೆ ಹೋಗಿ. ಆದರೆ ನೀವೇ ಅದನ್ನು ನಂಬಿದ್ದರೆ ಇಲ್ಲೇ ಬಿಟ್ಟುಬಿಡಿ. ಒಂದು ಪ್ರೋಗ್ರಾಂ ಎಲ್ಲಿ ಮುಗ್ಗರಿಸಬಹುದು ಅಂತ ಊಹಿಸೋಕೆ ಅದು ಹೇಗೆ ನಡೆಯುತ್ತದೆ ಅಂತ ಗೊತ್ತಿರಬೇಕು. ಯುಟಿಸಿ ಅಂದರೇನು ಅಂತ ನನಗೆ ಆಗ ಗೊತ್ತಿದ್ದರೆ ಆ ಕಾರ್ಮಿಕರ ಸಂಬಳ ಉಳಿಯುತ್ತಿತ್ತು.

ಇನ್ನೊಂದು ತಪ್ಪು ತಿಳುವಳಿಕೆ ಇದಕ್ಕಿಂತ ಜಾಸ್ತಿ ಕೆಡಿಸುತ್ತದೆ. “ಟೆಸ್ಟಿಂಗ್ ಮುಗೀತು, ಇನ್ನು ಬಗ್ ಇಲ್ಲ.” ಬಗ್ ಅಂದರೆ ಪ್ರೋಗ್ರಾಂನಲ್ಲಿ ಉಳಿದ ದೋಷ. ನೆದರ್ಲೆಂಡ್ಸ್‌ನ ಕಂಪ್ಯೂಟರ್ ವಿಜ್ಞಾನಿ ಎಡ್ಸ್‌ಗರ್ ಡೈಕ್‌ಸ್ಟ್ರಾ ಅರ್ಧ ಶತಮಾನದ ಹಿಂದೆಯೇ ಇದಕ್ಕೆ ಉತ್ತರ ಕೊಟ್ಟಿದ್ದಾರೆ. ಟೆಸ್ಟಿಂಗ್‌ನಿಂದ ಬಗ್ ಇದೆ ಅಂತ ತೋರಿಸಬಹುದು, ಇಲ್ಲ ಅಂತ ತೋರಿಸೋಕೆ ಆಗಲ್ಲ. ಮನೆಯಲ್ಲಿ ಇಲಿ ಕಂಡರೆ ಇಲಿ ಇದೆ ಅಂತ ಖಾತ್ರಿ. ಕಾಣಲಿಲ್ಲ ಅಂದರೆ? ಅಟ್ಟ ಹತ್ತಿ ನೋಡಿದ್ದೀರಾ ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ.

ಹೆಜ್ಜೆ 1: ಎಲ್ಲವನ್ನೂ ನೋಡೋಕೆ ಆಗಲ್ಲ, ಒಂದು ಸಲ ಲೆಕ್ಕ ಹಾಕಿ

ಕೆಲವು ಮ್ಯಾನೇಜರ್‌ಗಳು “ಎಲ್ಲಾ ಟೆಸ್ಟ್ ಮಾಡಿದ್ರಾ?” ಅಂತ ಕೇಳುತ್ತಾರೆ. ಪ್ರಶ್ನೆಯೇ ತಪ್ಪು. ಒಂದು ಮೊಬೈಲ್ ನಂಬರ್ ಬಾಕ್ಸ್ ತೆಗೆದುಕೊಳ್ಳಿ. ನಮ್ಮ ದೇಶದ ಮೊಬೈಲ್ ನಂಬರ್‌ಗೆ 10 ಅಂಕಿ, ಮೊದಲನೆಯದು 6ರಿಂದ 9ರೊಳಗೆ. ಸರಿಯಾದ ನಂಬರ್‌ಗಳೇ 400 ಕೋಟಿ ಆಗುತ್ತವೆ. ಸೆಕೆಂಡಿಗೆ ಒಂದರಂತೆ ಹಾಕಿದರೂ ಸುಮಾರು 127 ವರ್ಷ ಬೇಕು. ಅದೂ ಒಂದೇ ಬಾಕ್ಸ್‌ಗೆ. ತಪ್ಪು ನಂಬರ್‌ಗಳ ಸುದ್ದಿಗೇ ನಾವು ಹೋಗಿಲ್ಲ. ಅದರ ಪಕ್ಕದಲ್ಲಿ ಹೆಸರು, ಪಿನ್ ಕೋಡ್, ಹುಟ್ಟಿದ ದಿನಾಂಕ ಕಾಯುತ್ತಾ ನಿಂತಿವೆ.

ಅಂದಮೇಲೆ ಟೆಸ್ಟಿಂಗ್ ಅಂದರೆ ಆರಿಸುವ ಕೆಲಸ. ಏನನ್ನು ಆರಿಸಿದೆ, ಏಕೆ ಆರಿಸಿದೆ, ಯಾವುದನ್ನು ಬಿಟ್ಟೆ ಅಂತ ಹೇಳೋಕೆ ಬಂದರೆ ನೀವು ಅರ್ಧ ಟೆಸ್ಟರ್ ಆದ ಹಾಗೆ.

ಆರಿಸೋಕೆ ಮೊದಲು ಎರಡು ಪ್ರಶ್ನೆ ಕೇಳಿಕೊಳ್ಳಿ. ಇದು ಕೆಟ್ಟರೆ ಯಾರಿಗೆ ಎಷ್ಟು ನಷ್ಟ? ಇದು ಕೆಡುವ ಸಂಭವ ಎಷ್ಟು? ದುಡ್ಡು ಕಡಿತವಾಗುವ ಜಾಗ, ಹೊಸದಾಗಿ ಬರೆದ ಜಾಗ, ಹೋದ ತಿಂಗಳು ಜಾಸ್ತಿ ಬಗ್ ಸಿಕ್ಕಿದ ಜಾಗ ಮೊದಲು ಬರಬೇಕು. ಕೊನೆಯದನ್ನು ಹೊಸಬರು ಮರೆಯುತ್ತಾರೆ. “ಅಲ್ಲಿ ಆಗಲೇ ಹತ್ತು ಬಗ್ ಸಿಕ್ಕಿದೆ, ಇನ್ನೇನಿರುತ್ತೆ?” ಅಂದುಕೊಳ್ಳುತ್ತಾರೆ. ಬಗ್‌ಗಳು ಹರಡಿಕೊಂಡಿರೋದು ಕಡಿಮೆ, ಗುಂಪಾಗಿರೋದೇ ಜಾಸ್ತಿ. ಸಕ್ಕರೆ ಡಬ್ಬಿಯ ಹತ್ತಿರ ಹತ್ತು ಇರುವೆ ಕಂಡರೆ ಅಲ್ಲೇ ಮುಚ್ಚಳ ತೆಗೆದು ನೋಡುತ್ತೇವೆ, ಅಲ್ವಾ?

ಹೆಜ್ಜೆ 2: ಕೋಡ್ ಬರುವ ಮೊದಲೇ ನಿಯಮ ಓದಿ

ಟೆಸ್ಟಿಂಗ್ ಕೊನೆಯಲ್ಲಿ ಬರುವ ಕೆಲಸ ಅಂತ ತುಂಬಾ ಜನ ತಿಳಿದಿದ್ದಾರೆ. ಸ್ಪ್ರಿಂಟ್‌ನ, ಅಂದರೆ ಕೆಲವು ವಾರಗಳ ಕೆಲಸದ ಸುತ್ತಿನ, ಕೊನೆಯ ದಿನ ಸಂಜೆ ಬಿಲ್ಡ್ (ಓಡಿಸಿ ನೋಡೋಕೆ ಸಿದ್ಧವಾದ ಪ್ರೋಗ್ರಾಂ) ಕೈಗೆ ಬರುತ್ತದೆ, ರಾತ್ರಿ ಕೂತು ಮುಗಿಸಬೇಕು. ಹೀಗೆ ಮಾಡಿದರೆ ಊಟಕ್ಕೆ ಕೂತ ಮೇಲೆ ಸಾರಿಗೆ ಉಪ್ಪು ಹಾಕಿದ್ರಾ ಅಂತ ಕೇಳಿದ ಹಾಗೆ.

ಇಲ್ಲಿಂದ ಮುಂದೆ ಒಂದೇ ಉದಾಹರಣೆ ಹಿಡಿದುಕೊಂಡು ಹೋಗೋಣ. ಗೃಹ ಜ್ಯೋತಿ ಎಲ್ಲರ ಮನೆಯ ವಿಷಯ. 2023ರ ಆಗಸ್ಟ್‌ನಿಂದ ಸೊನ್ನೆ ಬಿಲ್ ಬರುತ್ತಿದೆ. ನಿಯಮದ ತಿರುಳು ಇಷ್ಟು. ನಿಮ್ಮ ಮನೆಯ 2022-23ರ ಸರಾಸರಿ ಬಳಕೆಯ ಮೇಲೆ ಸ್ವಲ್ಪ ಸೇರಿಸಿ ಒಂದು ಅರ್ಹತೆಯ ಮಿತಿ ಗೊತ್ತು ಮಾಡುತ್ತಾರೆ. ಅಷ್ಟರೊಳಗಿದ್ದರೆ ಬಿಲ್ ಸೊನ್ನೆ. ಅದನ್ನು ದಾಟಿ 200 ಯೂನಿಟ್‌ವರೆಗೆ ಹೋದರೆ ದಾಟಿದಷ್ಟಕ್ಕೆ ಮಾತ್ರ ದುಡ್ಡು. 200 ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು.

ಬೆಸ್ಕಾಂನ ಸಾಫ್ಟ್‌ವೇರ್ ವಿಷಯ ಇಲ್ಲಿ ಬೇಡ. ಅಭ್ಯಾಸಕ್ಕೆ ಅಂತ ನಾವೇ ಒಂದು ಪುಟ್ಟ ಪ್ರೋಗ್ರಾಂ ಬರೆಯುತ್ತಿದ್ದೇವೆ ಅಂದುಕೊಳ್ಳಿ. ಯೂನಿಟ್‌ಗೆ 6 ರೂಪಾಯಿ ಇಟ್ಟುಕೊಳ್ಳೋಣ. ನಿಗದಿತ ಶುಲ್ಕ, ತೆರಿಗೆ ಬಿಟ್ಟುಬಿಡೋಣ. ನಮ್ಮ ಮಾದರಿ ಮನೆಯ ಅರ್ಹತೆ 110 ಯೂನಿಟ್.

ಡೆವಲಪರ್ ಕೀಬೋರ್ಡ್ ಮುಟ್ಟುವ ಮೊದಲೇ ಕೇಳಬೇಕಾದ ಪ್ರಶ್ನೆಗಳು ಎಷ್ಟಿವೆ ನೋಡಿ. ಸರಾಸರಿ 97.3 ಬಂದರೆ ಮೇಲಕ್ಕೆ ದುಂಡಗೆ ಮಾಡೋದೋ, ಕೆಳಕ್ಕೋ? ಹೋದ ವಾರ ಗೃಹಪ್ರವೇಶ ಆದ ಮನೆಗೆ 2022-23ರ ಸರಾಸರಿ ಎಲ್ಲಿಂದ ತರೋದು? ಬಾಡಿಗೆದಾರರು ತಿಂಗಳ ಮಧ್ಯೆ ಮನೆ ಖಾಲಿ ಮಾಡಿದರೆ? ಬಾಗಿಲು ಹಾಕಿದ್ದು ರೀಡಿಂಗ್ ಸಿಗದೆ ಮುಂದಿನ ತಿಂಗಳು ಎರಡು ತಿಂಗಳದ್ದು ಒಟ್ಟಿಗೆ ಬಂದರೆ 200ರ ಮಿತಿ 400 ಆಗುತ್ತದೋ? 

ಕೊನೆಯ ಪ್ರಶ್ನೆಗೆ ಉತ್ತರ ಯಾರೂ ಬರೆದಿಡದಿದ್ದರೆ, ಕೋಡ್ ಬರೆಯುವ ಹುಡುಗ ತನಗೆ ತೋಚಿದ್ದನ್ನು ಬರೆಯುತ್ತಾನೆ. ಅದು ಅವನ ತಪ್ಪಲ್ಲ. ಪ್ರಶ್ನೆ ಕೇಳಿದ್ದರೆ ಐದು ನಿಮಿಷದ ಮಾತು. ಕೇಳದಿದ್ದರೆ ಮುಂದೆ ಸಾವಿರ ಮನೆಯ ಬಿಲ್ ತಿದ್ದಬೇಕು. (ತರಬೇತಿಗಳಲ್ಲಿ ಒಂದು ಸ್ಲೈಡ್ ತೋರಿಸುತ್ತಾರೆ: ಶುರುವಿನಲ್ಲಿ 1 ರೂಪಾಯಿಯ ತಪ್ಪು ಕೊನೆಯಲ್ಲಿ 100 ರೂಪಾಯಿ ಆಗುತ್ತದೆ ಅಂತ. ಬೇಗ ಹಿಡಿದರೆ ಅಗ್ಗ ಅನ್ನೋದು ನಿಜ. ಆದರೆ ಆ 100 ಎಲ್ಲಿಂದ ಬಂತು ಅಂತ ಕೇಳಿ ನೋಡಿ. ಗಟ್ಟಿ ಉತ್ತರ ಬರಲ್ಲ. ಟೆಸ್ಟರ್ ಆದವರು ಸ್ಲೈಡನ್ನೂ ಟೆಸ್ಟ್ ಮಾಡಬೇಕು.)

ಹೆಜ್ಜೆ 3: ಗುಂಪು ಮಾಡಿ, ಅಂಚು ಹಿಡಿಯಿರಿ

ಇಡೀ ಕಸುಬಿನಲ್ಲಿ ಒಂದೇ ವಿದ್ಯೆ ಕಲಿಯೋಕೆ ಪುರಸೊತ್ತು ಅಂದರೆ ಇದನ್ನು ಕಲಿಯಿರಿ.

ನಮ್ಮ ನಿಯಮದಲ್ಲಿ ಮೂರು ಗುಂಪು ಇವೆ. 0ರಿಂದ 110, 111ರಿಂದ 200, 201 ಮತ್ತು ಮೇಲೆ. ಒಂದು ಗುಂಪಿನ ಒಳಗೆ ಪ್ರೋಗ್ರಾಂ ಎಲ್ಲರನ್ನೂ ಒಂದೇ ಥರ ನೋಡುತ್ತದೆ. 40 ಯೂನಿಟ್‌ಗೆ ಸರಿ ಬಂದರೆ 41ಕ್ಕೂ 42ಕ್ಕೂ ಸರಿ ಬರುತ್ತದೆ. ಆ ಮೂರನ್ನೂ ನೋಡುತ್ತಾ ಕೂರೋದು ದಂಡ. ಅನ್ನ ಬೆಂದಿದೆಯಾ ಅಂತ ನೋಡೋಕೆ ಒಂದು ಅಗುಳು ಸಾಕು. ಆದರೆ ತಳ ಹಿಡಿದಿದೆಯಾ ಅಂತ ಆ ಅಗುಳು ಹೇಳಲ್ಲ. ಅದಕ್ಕೆ ಸೌಟು ತಳಕ್ಕೆ ಹಾಕಬೇಕು. ಪ್ರೋಗ್ರಾಂನ ತಳ ಅಂದರೆ ಗುಂಪು ಬದಲಾಗುವ ಅಂಚು.

ಅಂಚುಗಳನ್ನು ಬರೆದುಕೊಳ್ಳಿ. ಉತ್ತರವನ್ನು ಪ್ರೋಗ್ರಾಂ ಓಡಿಸುವ ಮೊದಲೇ ಕಾಗದದ ಮೇಲೆ ಲೆಕ್ಕ ಹಾಕಿ:

0 ಯೂನಿಟ್: 0 ರೂಪಾಯಿ
110 ಯೂನಿಟ್: 0 ರೂಪಾಯಿ
111 ಯೂನಿಟ್: 6 ರೂಪಾಯಿ (ದಾಟಿದ 1 ಯೂನಿಟ್‌ಗೆ)
200 ಯೂನಿಟ್: 540 ರೂಪಾಯಿ (ದಾಟಿದ 90 ಯೂನಿಟ್‌ಗೆ)
201 ಯೂನಿಟ್: 1,206 ರೂಪಾಯಿ (ಪೂರ್ತಿ 201ಕ್ಕೆ)

ಕೊನೆಯ ಎರಡು ಸಾಲನ್ನು ಮತ್ತೆ ಓದಿ. ಒಂದೇ ಒಂದು ಯೂನಿಟ್ ಜಾಸ್ತಿ ಆದರೆ ಬಿಲ್ 666 ರೂಪಾಯಿ ಮೇಲಕ್ಕೆ ಜಿಗಿಯುತ್ತದೆ. ಇಲ್ಲಿ ಡೆವಲಪರ್ ‘200ಕ್ಕಿಂತ ಜಾಸ್ತಿ’ ಅಂತ ಬರೆಯುವ ಕಡೆ ‘200 ಅಥವಾ ಜಾಸ್ತಿ’ ಅಂತ ಬರೆದ ಅಂತಿಟ್ಟುಕೊಳ್ಳಿ. ಕೋಡ್‌ನಲ್ಲಿ ಅದು ಒಂದೇ ಚಿಹ್ನೆಯ ವ್ಯತ್ಯಾಸ. ನೀವು 50, 150, 250 ಹಾಕಿ ನೋಡಿದರೆ ಮೂರೂ ಸರಿ. 300, 1,000 ಹಾಕಿದರೂ ಸರಿ. ಸರಿಯಾಗಿ 200 ಹಾಕಿದಾಗ ಮಾತ್ರ 540 ಬರುವ ಕಡೆ 1,200 ಬರುತ್ತದೆ. ತಿಂಗಳಿಡೀ ಗೀಸರ್ ಆರಿಸಿ ಆರಿಸಿ 200ರಲ್ಲಿ ನಿಲ್ಲಿಸಿದ ಮನೆಯವರಿಗೇ ಹೊಡೆತ. ಬೇಗ ಬಂದವರಿಗೆ ಗೈರುಹಾಜರಿ ಬಿದ್ದ ಹಾಗೆ.

ಕೋಡ್ ಕವರೇಜ್ ಬಗ್ಗೆ ಇರುವ ಭ್ರಮೆಯನ್ನೂ ಇಲ್ಲೇ ಕಳೆದುಕೊಳ್ಳಬಹುದು. ಟೆಸ್ಟ್‌ಗಳು ಕೋಡ್‌ನ ಎಷ್ಟು ಸಾಲನ್ನು ಮುಟ್ಟಿದವು ಅಂತ ಹೇಳುವ ಸಂಖ್ಯೆ ಅದು. ಮೇಲಿನ 50, 150, 250 ಸೇರಿದರೆ ಪ್ರೋಗ್ರಾಂನ ಪ್ರತಿ ಸಾಲೂ ಓಡಿರುತ್ತದೆ. ಕವರೇಜ್ 100 ಪರ್ಸೆಂಟ್. ಬಗ್ ಅಲ್ಲೇ ಕೂತಿದೆ. ಇನ್ನು ಡೆವಲಪರ್ ಬರೆಯೋಕೇ ಮರೆತ ನಿಯಮವನ್ನಂತೂ ಕವರೇಜ್ ಎಣಿಸೋಕೇ ಆಗಲ್ಲ. ಇಲ್ಲದ ಸಾಲನ್ನು ಯಾರು ಎಣಿಸುತ್ತಾರೆ?

ಈಗ ನಿಯಮದಲ್ಲಿ ಬರೆಯದ ಅಂಚುಗಳಿಗೆ ಬನ್ನಿ. ಅರ್ಹತೆಯೇ ಸರಿಯಾಗಿ 200 ಇರುವ ಮನೆ ತೆಗೆದುಕೊಳ್ಳಿ. ಅಲ್ಲಿ ನಡುವಿನ ಗುಂಪೇ ಮಾಯ. 200ಕ್ಕೆ ಸೊನ್ನೆ, 201ಕ್ಕೆ 1,206. ಮೀಟರ್ ಸುತ್ತು ಹೊಡೆದ ಮನೆ ತೆಗೆದುಕೊಳ್ಳಿ. ಐದು ಅಂಕಿಯ ಮೀಟರ್ 99,990ರಿಂದ ಹೊರಟು 99,999 ದಾಟಿ 00040ಕ್ಕೆ ಬಂದಿದೆ. ನಿಜವಾದ ಬಳಕೆ 50 ಯೂನಿಟ್. ಇವತ್ತಿನ ರೀಡಿಂಗ್‌ನಿಂದ ಹಿಂದಿನದನ್ನು ಸುಮ್ನೆ ಕಳೆದರೆ ಬರೋದು ಮೈನಸ್ 99,950. ಮೈನಸ್ ಅಂದರೆ 110ಕ್ಕಿಂತ ಕಡಿಮೆ ತಾನೆ? ಪ್ರೋಗ್ರಾಂ ಖುಷಿಯಾಗಿ ಸೊನ್ನೆ ಬಿಲ್ ಕೊಡುತ್ತದೆ! ಉತ್ತರ ಸರಿ, ದಾರಿ ತಪ್ಪು. ಇಂಥ ಬಗ್ ವರ್ಷಗಟ್ಟಲೆ ಬದುಕುತ್ತದೆ. ಇದೇ ಮೀಟರ್ 300 ಯೂನಿಟ್ ಓಡಿ ಸುತ್ತು ಹೊಡೆದಾಗಲೂ ಸೊನ್ನೆ ಬಿಲ್ ಬಂದರೆ ಅದು ಬೆಳಕಿಗೆ ಬರುತ್ತದೆ. ಆದರೆ ಬಿಲ್ ಬರದಿದ್ದರೆ ಯಾರಾದರೂ ದೂರು ಕೊಡುತ್ತಾರಾ? ಹಾಗಾಗಿ 50 ಯೂನಿಟ್ ಬಂದಿದೆಯಾ ಅಂತ ನಡುವಿನ ಲೆಕ್ಕವನ್ನೂ ನೋಡಬೇಕು, ಕೊನೆಯ ರೂಪಾಯಿ ನೋಡಿದರೆ ಸಾಲದು.

ಹೆಜ್ಜೆ 4: ಕನ್ನಡ ಹಾಕಿ ನೋಡಿ

ಬೆಂಗಳೂರಿನಲ್ಲಿ ಕೂತು ಟೆಸ್ಟ್ ಮಾಡುವ ನಾವು ಎಲ್ಲಾ ಬಾಕ್ಸ್‌ಗೂ ಇಂಗ್ಲಿಷ್‌ನಲ್ಲಿ ‘ಟೆಸ್ಟ್ ಒನ್’, ‘ಟೆಸ್ಟ್ ಟು’ ಅಂತ ತುಂಬುತ್ತೇವೆ. ಆಮೇಲೆ ಆ್ಯಪ್ ಹಾಸನಕ್ಕೆ ಹೋಗುತ್ತದೆ, ಅಲ್ಲಿ ಯಾರೋ ತಮ್ಮ ಹೆಸರನ್ನು ಕನ್ನಡದಲ್ಲಿ ಬರೆಯುತ್ತಾರೆ, ಅಲ್ಲಿಗೆ ಕಥೆ ಮುಗಿಯುತ್ತದೆ. ಕನ್ನಡ ಬರುವ ಟೆಸ್ಟರ್‌ಗೆ ಇಲ್ಲಿ ಪುಕ್ಕಟೆ ಬಗ್ ಸುಗ್ಗಿ.

‘ಸ್ತ್ರೀ’ ಅಂತ ಬರೆಯಿರಿ. ನಮ್ಮ ಕಣ್ಣಿಗೆ ಒಂದೇ ಅಕ್ಷರ. ಯೂನಿಕೋಡ್, ಅಂದರೆ ಪ್ರತಿ ಲಿಪಿಚಿಹ್ನೆಗೂ ಒಂದು ಸಂಖ್ಯೆ ಕೊಡುವ ಪದ್ಧತಿಯ ಲೆಕ್ಕದಲ್ಲಿ ಆರು ಸಂಕೇತ: ಸ, ವಿರಾಮ (ಅಕ್ಷರಗಳನ್ನು ಒತ್ತಾಗಿ ಕೂಡಿಸುವ ಚಿಹ್ನೆ), ತ, ವಿರಾಮ, ರ, ಈಕಾರದ ಗುಡಿಸು-ದೀರ್ಘ. ಆ ಸಂಕೇತಗಳನ್ನು ಕಂಪ್ಯೂಟರ್ ಬೈಟ್‌ಗಳಾಗಿ (ನೆನಪಿನ ಸಣ್ಣ ತುಣುಕುಗಳಾಗಿ) ಬರೆದಿಡುವ ಯುಟಿಎಫ್-8 ವಿಧಾನದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್ ಬೇಕು, ಅಂದರೆ 18 ಬೈಟ್. ‘ಬೆಂಗಳೂರು’ ನಮಗೆ ನಾಲ್ಕು ಅಕ್ಷರ, ಯೂನಿಕೋಡ್‌ಗೆ ಎಂಟು, ಬೈಟ್‌ನಲ್ಲಿ 24. ಡೇಟಾಬೇಸ್‌ನಲ್ಲಿ ‘ಊರಿನ ಹೆಸರಿಗೆ 20’ ಅಂತ ಇಟ್ಟಿದ್ದರೆ ಅದು 20 ಏನು? ಅಕ್ಷರವೋ, ಸಂಕೇತವೋ, ಬೈಟೋ? ಬೈಟ್ ಆಗಿದ್ದರೆ ರಾಜಧಾನಿಯ ಹೆಸರೇ ಹಿಡಿಸಲ್ಲ.

ಎಸ್ಎಂಎಸ್ ಕಥೆಯೂ ಇದೇ. ಇಂಗ್ಲಿಷ್‌ನಲ್ಲಿ ಒಂದು ಸಂದೇಶಕ್ಕೆ 160 ಅಕ್ಷರ ಹಿಡಿಸುತ್ತದೆ. ಒಂದೇ ಒಂದು ಕನ್ನಡ ಅಕ್ಷರ ಸೇರಿದರೂ ಮಿತಿ 70ಕ್ಕೆ ಇಳಿಯುತ್ತದೆ. ಕನ್ನಡಕ್ಕೆ ಅನುವಾದಿಸಿದ ಒಟಿಪಿ ಸಂದೇಶ ಎರಡು ಎಸ್ಎಂಎಸ್ ಆಗಿ ಹೋಗಿ ಖರ್ಚು ಇದ್ದಕ್ಕಿದ್ದ ಹಾಗೆ ದುಪ್ಪಟ್ಟಾದರೆ ಆಶ್ಚರ್ಯ ಪಡಬೇಡಿ.

ಇನ್ನೂ ಕೆಲವು, ಬೇಗ ಬೇಗ. ಹೆಸರಿನ ಮುಂದೆ ಇನಿಷಿಯಲ್ ಮಾತ್ರ ಇದ್ದು ಸರ್‌ನೇಮ್ ಇಲ್ಲದವರು ನಮ್ಮಲ್ಲಿ ಲೆಕ್ಕವಿಲ್ಲದಷ್ಟು. ‘ಕೊನೆಯ ಹೆಸರು ಕಡ್ಡಾಯ, ಕನಿಷ್ಠ ಎರಡು ಅಕ್ಷರ’ ಅನ್ನುವ ಫಾರಂ ಅವರನ್ನು ಒಳಗೇ ಬಿಡಲ್ಲ. ಅಂಕಿಯ ಬಾಕ್ಸ್‌ನಲ್ಲಿ ೧೨೩ ಅಂತ ಹಾಕಿ ನೋಡಿ. ಕನ್ನಡದ ಸೊನ್ನೆ ಮತ್ತು ಅನುಸ್ವಾರ ಕಣ್ಣಿಗೆ ಒಂದೇ ಥರ ಕಾಣುತ್ತವೆ, ಯಂತ್ರಕ್ಕೆ ಬೇರೆ ಬೇರೆ. ‘ರ‍್ಯಾಂಕ್’ ಅಂತ ಬರೆಯುವಾಗ ಮಧ್ಯೆ ಕಣ್ಣಿಗೆ ಕಾಣದ ಜೋಡಕ ಒಂದು ಕೂರುತ್ತದೆ. ಅದು ಇದ್ದರೆ ಒಂದು ಪದ, ಇಲ್ಲದಿದ್ದರೆ ಇನ್ನೊಂದು. ಹುಡುಕುವ ಬಾಕ್ಸ್‌ನಲ್ಲಿ ಎರಡನ್ನೂ ಹಾಕಿ.

ಹೆಜ್ಜೆ 5: ಬಗ್ ಸಿಕ್ಕರೆ ಸಾಕ್ಷಿ ಅಂಟಿಸಿ

1947ರ ಸೆಪ್ಟೆಂಬರ್ 9ರಂದು ಹಾರ್ವರ್ಡ್‌ನ ಮಾರ್ಕ್ 2 ಕಂಪ್ಯೂಟರ್ ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ. ಬಿಚ್ಚಿ ನೋಡಿದರೆ ರಿಲೇ (ವಿದ್ಯುತ್ ಸ್ವಿಚ್) ಒಳಗೆ ಒಂದು ಪತಂಗ ಸಿಕ್ಕಿಕೊಂಡಿತ್ತು. ಬಗ್ ಅನ್ನುವ ಪದ ಅಲ್ಲಿಂದಲೇ ಹುಟ್ಟಿತು ಅಂತ ಹೇಳುತ್ತಾರೆ, ಅದೂ ಒಂದು ತಪ್ಪು ತಿಳುವಳಿಕೆ. ಯಂತ್ರದ ದೋಷಕ್ಕೆ ಥಾಮಸ್ ಎಡಿಸನ್ 1878ರಲ್ಲೇ ಆ ಪದ ಬಳಸಿದ್ದ. ನನಗೆ ಈ ಪ್ರಸಂಗದಲ್ಲಿ ಇಷ್ಟವಾಗೋದು ಬೇರೆ. ಅವರು ಪತಂಗವನ್ನು ಎಸೆಯಲಿಲ್ಲ. ಲಾಗ್ ಪುಸ್ತಕದ ಪುಟಕ್ಕೆ ಟೇಪ್ ಹಾಕಿ ಅಂಟಿಸಿದರು. ಯಾವ ಪ್ಯಾನೆಲ್, ಯಾವ ರಿಲೇ ಅಂತ ಪಕ್ಕದಲ್ಲೇ ಬರೆದರು. ಇದಕ್ಕಿಂತ ಒಳ್ಳೆಯ ಬಗ್ ರಿಪೋರ್ಟ್ ಬೇಕಾ?

ನಾನು ಮೊದಲು ಬರೆಯುತ್ತಿದ್ದದ್ದು ಹೀಗೆ:

“ಬಿಲ್ ತಪ್ಪು ಬರ್ತಾ ಇದೆ. ದಯವಿಟ್ಟು ನೋಡಿ. ಅರ್ಜೆಂಟ್.”

ಡೆವಲಪರ್ ಇದನ್ನು ತೆರೆಯುತ್ತಾನೆ, 150 ಹಾಕುತ್ತಾನೆ, “ನನ್ನ ಮಶಿನ್‌ನಲ್ಲಿ ಸರಿ ಇದೆ” ಅಂತ ಮುಚ್ಚುತ್ತಾನೆ. ಅವನ ಮೇಲೆ ಸಿಟ್ಟು ಮಾಡಿಕೊಳ್ಳೋಕೆ ನನಗೆ ಹಕ್ಕಿಲ್ಲ. ಈಗ ಹೀಗೆ ಬರೆಯುತ್ತೇನೆ:

“ಬಳಕೆ ಸರಿಯಾಗಿ 200 ಯೂನಿಟ್ ಇದ್ದಾಗ ಪೂರ್ತಿ ಬಿಲ್ ಬರುತ್ತಿದೆ.
ಮಾಡಿದ್ದು: ಅರ್ಹತೆ 110 ಇರುವ ಮನೆ ಆರಿಸಿದೆ. ಹಿಂದಿನ ರೀಡಿಂಗ್ 1,000, ಇಂದಿನದು 1,200 ಹಾಕಿದೆ. ಬಿಲ್ ಗುಂಡಿ ಒತ್ತಿದೆ.
ಬರಬೇಕಿದ್ದದ್ದು: 540 ರೂಪಾಯಿ.
ಬಂದದ್ದು: 1,200 ರೂಪಾಯಿ.
199 ಮತ್ತು 201ಕ್ಕೆ ಸರಿ ಬರುತ್ತಿದೆ. ಮೂರು ಸಲವೂ ಇದೇ ಫಲಿತಾಂಶ. ಸ್ಕ್ರೀನ್‌ಶಾಟ್ ಇದೆ.”

199ಕ್ಕೂ 201ಕ್ಕೂ ಸರಿ ಇದೆ ಅನ್ನುವ ಸಾಲೇ ಅರ್ಧ ಕೆಲಸ ಮುಗಿಸುತ್ತದೆ. ಡೆವಲಪರ್ ಅದನ್ನು ಓದಿದ ತಕ್ಷಣ ಎದ್ದು ಆ ಚಿಹ್ನೆಯ ಹತ್ತಿರಕ್ಕೇ ಹೋಗುತ್ತಾನೆ. ‘ಅರ್ಜೆಂಟ್’ ಬೇಕಾಗಲ್ಲ.

ತೀವ್ರತೆ ಮತ್ತು ಆದ್ಯತೆಯನ್ನು ಬೆರೆಸಬೇಡಿ. ಬಿಲ್‌ನ ತಲೆಯಲ್ಲಿ ‘ಬೆಂಗಳೂರು’ ಅನ್ನೋದೇ ತಪ್ಪಾಗಿ ಅಚ್ಚಾಗಿದ್ದರೆ ಲೆಕ್ಕಕ್ಕೇನೂ ಧಕ್ಕೆ ಇಲ್ಲ, ಆದರೆ ಇವತ್ತೇ ಸರಿಯಾಗಬೇಕು. ಮೀಟರ್ ಸುತ್ತು ಹೊಡೆದಾಗ ಲೆಕ್ಕ ಕೆಡೋದು ಗಂಭೀರ, ಆದರೆ ಈ ತಿಂಗಳು ಅಂಥ ಮೀಟರ್ ಒಂದೂ ಇಲ್ಲದಿದ್ದರೆ ಮುಂದಿನ ವಾರಕ್ಕೆ ಕಾಯಬಹುದು. ಎಷ್ಟು ಕೆಟ್ಟಿದೆ ಅಂತ ಹೇಳೋದು ಟೆಸ್ಟರ್. ಯಾವಾಗ ಸರಿ ಮಾಡಬೇಕು ಅಂತ ತೀರ್ಮಾನ ಮಾಡೋದು ಸಾಮಾನ್ಯವಾಗಿ ಪ್ರಾಡಕ್ಟ್ ನೋಡಿಕೊಳ್ಳುವವರು.

ಹೆಜ್ಜೆ 6: ಹಳೆಯದನ್ನೂ ಮತ್ತೆ ನೋಡಿ

“ಇದು ಹಳೇ ಕೋಡ್. ಎರಡು ವರ್ಷದಿಂದ ಓಡ್ತಾ ಇದೆ. ಟೆಸ್ಟ್ ಬೇಡ.” ಈ ಮಾತು ಕೇಳಿದಾಗಲೆಲ್ಲಾ ನನಗೆ ಏರಿಯಾನ್ 5 ರಾಕೆಟ್ ನೆನಪಾಗುತ್ತದೆ.

1996ರ ಜೂನ್ 4. ಫ್ರೆಂಚ್ ಗಯಾನಾದ ಕುರೂನಿಂದ ಯುರೋಪಿನ ಹೊಸ ರಾಕೆಟ್ ಮೊದಲ ಸಲ ಹಾರಿತು. ಸುಮಾರು 40 ಸೆಕೆಂಡಿಗೆ ಗಾಳಿಯಲ್ಲೇ ಚೂರಾಯಿತು. ರಾಕೆಟ್ ಯಾವ ಕಡೆ ವಾಲಿದೆ ಅಂತ ಹೇಳುವ ಭಾಗದ ಕೋಡನ್ನು ಹಳೆಯ ಏರಿಯಾನ್ 4ರಿಂದ ಹಾಗೇ ತಂದಿದ್ದರು. ಅಲ್ಲಿ ಅದು ಚೆನ್ನಾಗಿಯೇ ಓಡಿತ್ತು. ಆದರೆ ಹೊಸ ರಾಕೆಟ್‌ನ ಅಡ್ಡ ವೇಗ ಶುರುವಿನಲ್ಲೇ ಜಾಸ್ತಿ. 64 ಬಿಟ್‌ನ ಒಂದು ಸಂಖ್ಯೆಯನ್ನು 16 ಬಿಟ್‌ನ ಡಬ್ಬಿಗೆ ತುರುಕಬೇಕಿತ್ತು. ಆ ಡಬ್ಬಿಗೆ 32,767ಕ್ಕಿಂತ ಜಾಸ್ತಿ ಹಿಡಿಸಲ್ಲ. ಸಂಖ್ಯೆ ಅದನ್ನು ದಾಟಿತು, ಕಂಪ್ಯೂಟರ್ ನಿಂತಿತು. ಅದಕ್ಕೆ ಆಪತ್ತಿಗೆ ಅಂತ ಇನ್ನೊಂದು ಕಂಪ್ಯೂಟರ್ ಇತ್ತು. ಅದರೊಳಗೂ ಇದೇ ಸಾಫ್ಟ್‌ವೇರ್, ಅದೂ ಹಾಗೇ ನಿಂತಿತು. ಇದರಲ್ಲಿ ಹೊಟ್ಟೆ ಉರಿಯುವ ವಿಷಯ ಇನ್ನೊಂದಿದೆ. ಆ ಲೆಕ್ಕ ಏರಿಯಾನ್ 5 ನೆಲ ಬಿಟ್ಟ ಮೇಲೆ ಬೇಕಾಗಿಯೇ ಇರಲಿಲ್ಲ.

ಕೋಡ್ ಹಳೆಯದಾದರೂ ಅದರ ಸುತ್ತ ಇರೋದು ಹೊಸದಾದರೆ, ಟೆಸ್ಟ್ ಹಳತಾಯಿತು ಅಂತಲೇ ಲೆಕ್ಕ. ಒಂದು ಕಡೆ ತಿದ್ದಿದರೆ ಇನ್ನೊಂದು ಕಡೆ ಕೆಟ್ಟಿದೆಯಾ ಅಂತ ನೋಡೋದಕ್ಕೆ ರಿಗ್ರೆಶನ್ ಅನ್ನುತ್ತಾರೆ. 200ರ ಬಗ್ ಸರಿ ಮಾಡಿದ ಮೇಲೆ 200 ಮಾತ್ರ ನೋಡಿ ಮುಚ್ಚಬೇಡಿ, 110, 111, 201 ಎಲ್ಲವನ್ನೂ ಮತ್ತೆ ಹಾಕಿ.

ಎರಡು ತುಂಡು ಬೇರೆ ಬೇರೆಯಾಗಿ ಸರಿ ಇದ್ದರೆ ಜೋಡಿಸಿದಾಗಲೂ ಸರಿ ಅನ್ನೋದೂ ಅಷ್ಟೇ ಪೊಳ್ಳು. 1999ರಲ್ಲಿ ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನೌಕೆ ಮಂಗಳದ ಹತ್ತಿರ ಹೋಗಿ ಕೈತಪ್ಪಿತು. ನೆಲದ ಮೇಲಿನ ಒಂದು ಸಾಫ್ಟ್‌ವೇರ್ ಪೌಂಡ್ ಲೆಕ್ಕದಲ್ಲಿ (ಬ್ರಿಟಿಷ್ ಅಳತೆ) ಸಂಖ್ಯೆ ಕೊಟ್ಟಿತು, ಅದನ್ನು ಓದಿಕೊಂಡ ಇನ್ನೊಂದು ಸಾಫ್ಟ್‌ವೇರ್ ನ್ಯೂಟನ್ ಲೆಕ್ಕ (ಮೆಟ್ರಿಕ್ ಅಳತೆ) ಅಂದುಕೊಂಡಿತು. ಎರಡೂ ಕಡೆ ತಂತಮ್ಮ ಲೆಕ್ಕ ತಪ್ಪಿರಲಿಲ್ಲ.

ಇನ್ನು, ಅದೇ ರಿಗ್ರೆಶನ್ ಪಟ್ಟಿಯನ್ನು ವರ್ಷಗಟ್ಟಲೆ ಓಡಿಸುತ್ತಿದ್ದರೆ ಹೊಸ ಬಗ್ ಸಿಗೋದು ನಿಂತುಹೋಗುತ್ತದೆ. ಅಮೆರಿಕದ ಟೆಸ್ಟಿಂಗ್ ತಜ್ಞ ಬೋರಿಸ್ ಬೈಜರ್ ಇದನ್ನು ಕೀಟನಾಶಕಕ್ಕೆ ಹೋಲಿಸಿದ್ದರು. ಕೋಲಾರದ ಟೊಮೆಟೊ ಬೆಳೆಗಾರರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಒಂದೇ ಔಷಧಿ ಹೊಡೆಯುತ್ತಾ ಹೋದರೆ ಹುಳ ಅದಕ್ಕೆ ಒಗ್ಗಿಕೊಳ್ಳುತ್ತದೆ. ಆಗಾಗ ಪಟ್ಟಿಗೆ ಹೊಸದನ್ನು ಸೇರಿಸಿ, ಸತ್ತ ಕೇಸ್‌ಗಳನ್ನು ತೆಗೆಯಿರಿ.

ಹೆಜ್ಜೆ 7: ಆಟೊಮೇಶನ್‌ಗೆ ಏನು ಕಾಣುತ್ತದೆ, ಏನು ಕಾಣಲ್ಲ

“ಮ್ಯಾನುವಲ್ ಟೆಸ್ಟಿಂಗ್ ಸತ್ತಿದೆ, ಸೆಲೆನಿಯಂ ಕಲೀರಿ” ಅಂತ ಬಿಟಿಎಂ ಲೇಔಟ್‌ನ ತರಬೇತಿ ಕೇಂದ್ರಗಳ ಕರಪತ್ರಗಳು ಕೂಗುತ್ತವೆ. ಸೆಲೆನಿಯಂ ಅಂದರೆ ನಮ್ಮ ಬದಲು ತಾನೇ ವೆಬ್ ಪುಟ ತೆರೆದು ಗುಂಡಿ ಒತ್ತುವ ಸಾಧನ. ಕಲಿಯಿರಿ, ಖಂಡಿತ ಕಲಿಯಿರಿ. ಮೇಲಿನ ಅಂಚುಗಳನ್ನು ದಿನಾ ರಾತ್ರಿ ಕೈಯಿಂದ ಹಾಕೋದು ಹುಚ್ಚುತನ. ಅದು ಯಂತ್ರದ ಕೆಲಸ.

ಆದರೆ ಯಂತ್ರ ನೀವು ಕೇಳಿದ್ದನ್ನು ಮಾತ್ರ ನೋಡುತ್ತದೆ. ಒಮ್ಮೆ ನಮ್ಮ ಒಂದು ಪರದೆಯಲ್ಲಿ ‘ಒಟ್ಟು ಮೊತ್ತ’ ಅಂತ ಇರಬೇಕಿತ್ತು. ಸಾಲಿನ ಎತ್ತರವನ್ನು ಇಂಗ್ಲಿಷ್‌ಗೆ ಸರಿಹೊಂದುವ ಹಾಗೆ ಇಟ್ಟಿದ್ದರು. ಒತ್ತಕ್ಷರಗಳ ಕೆಳಭಾಗ ಕತ್ತರಿಸಿ ಹೋಗಿತ್ತು. ಪರದೆಯ ಮೇಲೆ ಕಾಣುತ್ತಿದ್ದದ್ದು ‘ಒಟು ಮೊತ’. ಟೆಸ್ಟ್ ಓಡಿಸುವ ಸ್ಕ್ರಿಪ್ಟ್ ಪರದೆಯ ಹಿಂದಿನ ಪಠ್ಯವನ್ನು ಹೋಲಿಸಿತು, ಅಕ್ಷರ ಅಕ್ಷರಕ್ಕೂ ಸರಿ ಇತ್ತು, ಪಾಸ್ ಅಂದಿತು. ಹದಿನೇಳು ರಾತ್ರಿ ಪಾಸ್. ಕೊನೆಗೆ ಹಿಡಿದದ್ದು ಹೌಸ್‌ಕೀಪಿಂಗ್‌ಗೆ ಬರುತ್ತಿದ್ದ ಅಕ್ಕ. ಟೇಬಲ್ ಒರೆಸುತ್ತಾ, “ಮೇಡಂ, ಇದೇನಿದು ಮೊತ?” ಅಂದರು.

ಬಗ್ ಒಂದೂ ಇಲ್ಲದ ಆ್ಯಪ್ ಕೂಡ ಕೆಲಸಕ್ಕೆ ಬಾರದೆ ಹೋಗಬಹುದು. ಮೀಟರ್ ಓದುವವರು ಮಧ್ಯಾಹ್ನ ಹನ್ನೆರಡರ ಬಿಸಿಲಲ್ಲಿ, ಒಂದು ಕೈಯಲ್ಲಿ ಗೇಟು ಹಿಡಿದು, ಇನ್ನೊಂದು ಕೈಯ ಹೆಬ್ಬೆರಳಲ್ಲಿ ಅಂಕಿ ಒತ್ತುತ್ತಾರೆ. ಒಳಗಿಂದ ನಾಯಿ ಬೊಗಳುತ್ತಿರುತ್ತದೆ. ತೆಳು ಬೂದು ಬಣ್ಣದ ಸಣ್ಣ ಅಕ್ಷರ ಅಲ್ಲಿ ಕಾಣಲ್ಲ. ಎಸಿ ರೂಮಿನ ದೊಡ್ಡ ಮಾನಿಟರ್‌ನಲ್ಲಿ ಇದು ನಿಮಗೆ ಯಾವತ್ತೂ ಸಿಗಲ್ಲ. ಫೋನ್ ಹಿಡಿದು ಟೆರೇಸಿಗೆ ಹೋಗಿ, ಬ್ರೈಟ್‌ನೆಸ್ ಅರ್ಧಕ್ಕೆ ಇಳಿಸಿ, ಒಂದೇ ಕೈಯಲ್ಲಿ ಹತ್ತು ಬಿಲ್ ಮಾಡಿ ನೋಡಿ.

ಹೆಜ್ಜೆ 8: ರಿಲೀಸ್ ದಿನ ಏನು ಹೇಳಬೇಕು

“ಸರಿ ಇದೆಯಾ? ಬಿಡಬಹುದಾ?” ಅಂತ ಎಲ್ಲರೂ ನಿಮ್ಮ ಮುಖ ನೋಡುತ್ತಾರೆ. ನೀವು ಹೂಂ ಅಂದರೆ, ನಾಳೆ ಏನೇ ಆದರೂ ಟೆಸ್ಟರ್ ತಪ್ಪು. ಇದೇ ಕೊನೆಯ ತಪ್ಪು ತಿಳುವಳಿಕೆ. ಗುಣಮಟ್ಟದ ಹೊಣೆ ನಿಯಮ ಬರೆದವರಿಂದ ಹಿಡಿದು ಕೋಡ್ ಬರೆದವರು, ದಿನಾಂಕ ಗೊತ್ತು ಮಾಡಿದವರವರೆಗೆ ಎಲ್ಲರದ್ದು. ಟೆಸ್ಟರ್ ಬಾಗಿಲು ಕಾಯುವವರಲ್ಲ, ಬಾಗಿಲ ಆಚೆ ಏನಿದೆ ಅಂತ ನೋಡಿ ಬಂದು ಹೇಳುವವರು. ಬಿಡೋದೋ ಬೇಡವೋ ಅನ್ನೋದನ್ನು ಕೇಳಿಸಿಕೊಂಡವರು ನಿರ್ಧರಿಸಲಿ.

ಹಾಗಾಗಿ ಹೂಂ ಅನ್ನೋ ಬದಲು ಒಂದು ಪುಟ ಕೊಡಿ. ನೋಡಿದ್ದು, ನೋಡದೆ ಬಿಟ್ಟದ್ದು, ಗೊತ್ತಿದ್ದೂ ಉಳಿದದ್ದು. ಎರಡನೆಯ ಭಾಗ ಬರೆಯೋಕೆ ಹೊಸಬರು ಹೆದರುತ್ತಾರೆ. ನನಗೆ ಯಾರಾದರೂ ಆ ಭಾಗ ಖಾಲಿ ಬಿಟ್ಟು ಕೊಟ್ಟರೆ ನಾನು ಮೊದಲ ಭಾಗವನ್ನೂ ನಂಬಲ್ಲ. ನಮ್ಮ ಮಾದರಿ ಬಿಲ್ ಪ್ರೋಗ್ರಾಂಗೆ ನಾನು ಬರೆಯೋದು ಹೀಗಿರುತ್ತದೆ:

“ನೋಡಿದ್ದು: ಅರ್ಹತೆ 110 ಮತ್ತು 200 ಇರುವ ಮನೆಗಳ ಎಲ್ಲಾ ಅಂಚುಗಳು. ಮೀಟರ್ ಸುತ್ತು ಹೊಡೆದ ಮನೆ. ಕನ್ನಡದಲ್ಲಿ ಹೆಸರು, ಕನ್ನಡದಲ್ಲಿ ಬಿಲ್ ಮುದ್ರಣ. ಬಿಸಿಲಲ್ಲಿ ಎರಡು ಫೋನ್.
ನೋಡದೆ ಬಿಟ್ಟದ್ದು: ತಿಂಗಳ ಮಧ್ಯೆ ಬಾಡಿಗೆದಾರರು ಬದಲಾದ ಮನೆ (ನಿಯಮ ಇನ್ನೂ ಕೈಗೆ ಬಂದಿಲ್ಲ). ಒಂದೇ ಹೊತ್ತಿಗೆ 500ಕ್ಕಿಂತ ಜಾಸ್ತಿ ಜನ ಬಳಸಿದರೆ ಏನಾಗುತ್ತದೆ ಅನ್ನೋದು.
ಉಳಿದ ಬಗ್: ಬಾಗಿಲು ಹಾಕಿದ್ದ ಮನೆಯ ಎರಡು ತಿಂಗಳ ರೀಡಿಂಗ್ ಒಟ್ಟಿಗೆ ಬಂದರೆ ಒಂದೇ ತಿಂಗಳದ್ದು ಅಂತ ಲೆಕ್ಕ ಹಾಕುತ್ತದೆ. ಅಂಥ ಮನೆಗಳ ಬಿಲ್ ಸದ್ಯಕ್ಕೆ ಕೈಯಿಂದ ಮಾಡಬೇಕು.
ಸಮಯ: ರಾತ್ರಿ 11:59, 12:00, ಬೆಳಗಿನ 5:29, 5:30. ನಾಲ್ಕೂ ನೋಡಿದ್ದೇವೆ, ತಾರೀಕು ಸರಿಯಾಗಿ ಬೀಳುತ್ತಿದೆ.”